ಕುಡಿಯದ ಕಾಫಿಯ ಮುಂದೆ ಕೂತ ದಿನಗಳು

ನಾನು ಹುಟ್ಟಿದ್ದು ಚಹಾದ ಮನೆಯಲ್ಲಿ. ಧಾರವಾಡದ ನಮ್ಮ ಓಣಿಯಲ್ಲಿ ಯಾರ ಮನೆಗೆ ಹೋದರೂ "ಚಾ ಮಾಡ್ಲೇನು?" ಅಂತಲೇ ಕೇಳುತ್ತಿದ್ದರು. ಕಾಫಿ ಏನಿದ್ದರೂ ಬೀಗರಿಗೆ, ಅದೂ ಬೆಂಗಳೂರು ಮೈಸೂರು ಕಡೆಯ ಬೀಗರಾದರೆ. ಅಂಥ ಒಂದು ಮೈಸೂರು ಮನೆಗೇ ನಾನು ಸೊಸೆಯಾಗಿ ಹೋದೆ. ಮೊದಮೊದಲು ಅವರ ಕಾಫಿಯ ಕಹಿ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅತ್ತೆ ನಗುತ್ತ, ಎರಡನೆಯ ಸಲ ಬಿಸಿನೀರು ಹಾಕಿ ಇಳಿಸಿದ ತೆಳು ಡಿಕಾಕ್ಷನ್ನಿನಲ್ಲಿ ನನಗೆ ಬೇರೆ ಲೋಟ ಕಲಸಿ ಕೊಡುತ್ತಿದ್ದರು. ಗಂಡನ ಕೆಲಸದ ಜೊತೆಗೆ ಕೋಲ್ಕತ್ತಕ್ಕೆ ಬಂದ ಮೇಲೆ ಆ ತೆಳು ಕಾಫಿ ವರ್ಷವರ್ಷವೂ ಗಟ್ಟಿಯಾಗುತ್ತ ಹೋಯಿತು. ಲೇಕ್ ಮಾರ್ಕೆಟ್ಟಿನ ಅಂಗಡಿಯಲ್ಲಿ ಕಣ್ಣೆದುರೇ ಬೀಜ ಪುಡಿ ಮಾಡಿಸಿ, ಚಿಕೋರಿ ಕಡಿಮೆ ಹಾಕಿಸಿ, ಬಿಸಿ ಪೊಟ್ಟಣವನ್ನು ಎದೆಗವಚಿಕೊಂಡು ಟಾಲಿಗಂಜಿಗೆ ಬರುವಾಗ ಮೆಟ್ರೋದಲ್ಲಿ ಪಕ್ಕದವರು ತಿರುಗಿ ನೋಡುತ್ತಿದ್ದರು. ನನಗೆ ಹೆಮ್ಮೆಯೆನಿಸುತ್ತಿತ್ತು.

ಗಂಡ ಗಾರ್ಡನ್ ರೀಚ್‌ನ ಹಡಗು ಕಟ್ಟೆಯಲ್ಲಿ ಇಂಜಿನಿಯರ್. ಬೆಳಕು ಹರಿಯುತ್ತಲೇ ಹೊರಡುತ್ತಾರೆ. ಮಗಳು ಓದಲಿಕ್ಕೆ ಪುಣೆಗೆ ಹೋದ ಮೇಲೆ ಹಗಲು ಇಡೀ ಮನೆ ನನ್ನೊಬ್ಬಳದೇ ಆಯಿತು. ಬೆಳಗಿನ ಫಿಲ್ಟರಿನಲ್ಲಿ ಉಳಿದ ಡಿಕಾಕ್ಷನ್ನೂ ನನ್ನದೇ. ಪತ್ರಿಕೆ ಓದುವಾಗ ಒಂದು, ಕೆಲಸದವಳು ಹೋದ ಮೇಲೆ ಒಂದು, ಊಟವಾಗಿ ತೂಕಡಿಕೆ ಬರಬಾರದೆಂದು ಒಂದು. ಯಾರು ಲೆಕ್ಕ ಇಡುತ್ತಾರೆ?

ಅದು ಆದದ್ದು ಒಂದು ಮಧ್ಯಾಹ್ನ. ಗಂಡ ಹೊಸ ಹಡಗೊಂದನ್ನು ಸಮುದ್ರದಲ್ಲಿ ಓಡಿಸಿ ನೋಡುವ ಪರೀಕ್ಷೆಗೆ ಹೋಗಿದ್ದರು. ದಡ ಬಿಟ್ಟು ಸ್ವಲ್ಪ ಹೊತ್ತಿಗೆಲ್ಲ ಫೋನು ಸಿಗುವುದಿಲ್ಲ, ಅದು ನನಗೆ ಹೊಸದಲ್ಲ. ಸೋಫಾದ ಮೇಲೆ ಕಾಲು ಮಡಚಿ ಕೂತು ಕಾಫಿ ಕುಡಿಯುತ್ತಿದ್ದೆ. ಅರ್ಧ ಲೋಟ ಮುಗಿದಿರಬೇಕು, ಎದೆಯೊಳಗೆ ಏನೋ ಒಂದು ಸಲ ಮಗುಚಿದಂತಾಯಿತು. ಆಮೇಲೆ ಹೃದಯ ಓಡತೊಡಗಿತು. ಮೆಟ್ಟಿಲು ಹತ್ತಿದಾಗ ಬಡಿಯುತ್ತದಲ್ಲ, ಹಾಗಲ್ಲ. ಯಾರೋ ಒಳಗಿನಿಂದ ಬಾಗಿಲು ಬಡಿಯುತ್ತಿದ್ದ ಹಾಗೆ. ಬೆರಳ ತುದಿ ಜುಮುಗುಟ್ಟಿ ತಣ್ಣಗಾಯಿತು. ಉಸಿರು ಎಳೆದಷ್ಟೂ ಸಾಲದು. ಮೊದಲು ಬಂದ ಯೋಚನೆ ಸಾವಿನದ್ದಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೇನೆ, ನಾನು ಇಲ್ಲಿ ಬಿದ್ದರೆ ಯಾರೂ ಒಳಗೆ ಬರಲಾರರು ಎಂಬುದು.

ನೆಲಕ್ಕೆ ಇಳಿದೆ. ನಿಂತರೆ ಬೀಳುತ್ತೇನೆ ಅನಿಸಿ ಅಂಬೆಗಾಲಿಟ್ಟೇ ಬಾಗಿಲವರೆಗೆ ಹೋದೆ. ಚಿಲಕ ತೆಗೆದು ಹೊಸ್ತಿಲ ಮೇಲೆ ಕೂತೆ. ಎದುರು ಮನೆಗೆ ಬೀಗ. ಮಗಳಿಗೆ ಫೋನು ಮಾಡಿದೆ.

"ಅಮ್ಮ, ಬ್ರೀದ್! ನಾನು ಇಲ್ಲಿಂದಲೇ ಕ್ಯಾಬ್ ಬುಕ್ ಮಾಡ್ತೀನಿ, ತುಮ್ ಬಸ್ ನೀಚೆ ಇಳಿ," ಅಂದಳು. ಅವಳ ಕನ್ನಡ ಯಾವಾಗಲೂ ಹೀಗೇ, ಮೂರು ಭಾಷೆಯ ಚಿತ್ರಾನ್ನ. ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದೆ, ಕ್ಯಾಬ್ ಬಂತು.

ಆಸ್ಪತ್ರೆಯಲ್ಲಿ ಎದೆಗೆ ವೈರುಗಳನ್ನು ಅಂಟಿಸಿ ನೋಡಿದರು. ರಕ್ತ ತೆಗೆದರು. ನನ್ನ ಮಗಳಿಗಿಂತ ತುಸುವೇ ದೊಡ್ಡವಳಿರಬಹುದಾದ ಡಾಕ್ಟರು ಕಾಗದ ನೋಡಿ, "ಹೃದಯ ಚೆನ್ನಾಗಿದೆ. ಇದು ಭಯದ ದಾಳಿ," ಅಂದಳು.

"ನನಗ ಭಯ ಏನೂ ಇದ್ದಿಲ್ಲ. ಸುಮ್ಮನ ಕೂತಿದ್ದೆ," ಅಂತ ಹಿಂದಿಯಲ್ಲಿ ಹೇಳಿದೆ.

"ಅದು ಹಾಗೇ ಬರುತ್ತದೆ. ಕಾಫಿ ಕುಡಿಯುತ್ತೀರಾ?"

"ಹೌದು."

"ಎಷ್ಟು?"

ನಾನು ಬೆರಳು ಮಡಚಿ ಎಣಿಸತೊಡಗಿದ್ದನ್ನು ನೋಡಿ ಅವಳು ನಕ್ಕಳು. "ಸದ್ಯಕ್ಕೆ ಬಿಟ್ಟುಬಿಡಿ. ಮತ್ತೆ ಬಂದರೆ ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸುತ್ತೇನೆ."

ಬಿಟ್ಟೆ. ಕೆಲವು ದಿನ ತಲೆ ಸಿಡಿಯಿತು, ಮೂಗು ಸುಮ್ಮಸುಮ್ಮನೆ ಅಡುಗೆಮನೆಯತ್ತ ತಿರುಗಿತು. ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದೆ ಇದ್ದದ್ದು ಬೇರೆ. ಹೃದಯ ಚೆನ್ನಾಗಿದೆ ಎಂದು ಕಾಗದ ಹೇಳಿದ ಮೇಲೂ ನಾನು ಅದನ್ನು ನಂಬಲಿಲ್ಲ. ಕೂತಲ್ಲಿ ನಿಂತಲ್ಲಿ ಮಣಿಕಟ್ಟು ಹಿಡಿದು ನಾಡಿ ನೋಡಿಕೊಳ್ಳುತ್ತಿದ್ದೆ. ಚಿಲಕ ಹಾಕಿದರೆ ಒಳಗೇ ಸಾಯುತ್ತೇನೆಂಬ ಅಂಜಿಕೆ, ತೆಗೆದಿಟ್ಟರೆ ಕಳ್ಳ ಬಂದಾನೆಂಬ ಅಂಜಿಕೆ. ಸ್ನಾನದ ಮನೆಯ ಬಾಗಿಲನ್ನು ತೆರೆದಿಟ್ಟುಕೊಂಡೇ ಗಡಿಬಿಡಿಯಲ್ಲಿ ನಾಲ್ಕು ಚೊಂಬು ಸುರಿದುಕೊಂಡು ಬರುತ್ತಿದ್ದೆ. ಗಂಡ ಮರಳಿ ಬಂದಾಗ "ಸ್ವಲ್ಪ ಎದಿ ಬಡಕೊಂಡಿತ್ತು, ತೋರಿಸ್ಕೊಂಡು ಬಂದೆ, ಏನೂ ಇಲ್ಲಂತ" ಎಂದಷ್ಟೇ ಹೇಳಿದೆ. ಅವರು ಕಾಗದ ತಿರುಗಿಸಿ ನೋಡಿ, "ಸದ್ಯ, ದೇವರು ದೊಡ್ಡವನು," ಅಂದು ಊಟಕ್ಕೆ ಕೂತರು. ಅವರಿಗೆ ಇನ್ನೂ ಹೇಳಬೇಕಿತ್ತು. ಆದರೆ ಏನಂತ ಹೇಳುವುದು? ನಮ್ಮ ಮನೆಯಲ್ಲೇ, ಹಗಲು ಹೊತ್ತಿನಲ್ಲಿ, ಗಟ್ಟಿಮುಟ್ಟಾದ ಹೆಂಗಸು ನಾನು, ನನಗೆ ಒಬ್ಬಳೇ ಇರಲು ಭಯ ಅಂತಲೆ?

ಒಂದು ದಿನ ತರಕಾರಿ ತರಲು ಹೋದವಳಿಗೆ ರಸ್ತೆಯಲ್ಲೇ ಅದು ಬರುವ ಸೂಚನೆ ಕಾಣಿಸಿತು. ಕಾಲಡಿಯ ನೆಲ ಮೆತ್ತಗಾದಂತೆ. ಯಾವುದು ಏನು ಎಂದು ನೋಡದೆ ಎದುರಿಗಿದ್ದ ಗಾಜಿನ ಬಾಗಿಲು ತಳ್ಳಿ ಒಳಗೆ ಹೋದೆ. ಮೆಟ್ರೋ ನಿಲ್ದಾಣದ ಹತ್ತಿರದ ಒಂದು ಕಾಫಿ ಶಾಪ್ ಅದು. ತಣ್ಣನೆ ಗಾಳಿ, ಹುರಿದ ಬೀಜದ ವಾಸನೆ, ಬೀಜ ಅರೆಯುವ ಯಂತ್ರದ ಗರಗರ, ಕಪ್ಪು ಬಸಿಗಳ ಸದ್ದು, ಮಂದಿ. ಎಲ್ಲ ಮೇಜಿನಲ್ಲೂ ಒಬ್ಬಿಬ್ಬರು. ಕೌಂಟರಿನ ಹುಡುಗಿ ಏನು ಬೇಕೆಂದಳು. ಹಿಂದೆಂದೋ ಮಗಳ ಜೊತೆ ಇಂಥ ಕಡೆ ಬಂದಾಗ ನಾನು ಮೂಗು ಮುರಿದಿದ್ದೆ: ನೊರೆ ಕಾಫಿ ಸಾಬೂನು ತೊಳೆದ ನೀರಿನಂತೆ, ಕರಿ ಕಾಫಿ ಇದ್ದಿಲು ನೆನೆಹಾಕಿದಂತೆ, ಇಷ್ಟು ದುಡ್ಡಿಗೆ ನಮ್ಮನೇಲಿ ಊರಿಗೆಲ್ಲ ಕಾಫಿ ಕೊಡಬಹುದು ಅಂತ. ಈಗ ಬೋರ್ಡಿನ ಮೇಲೆ ಮೊದಲು ಕಂಡದ್ದನ್ನು ಹೇಳಿ ಗಾಜಿನ ಪಕ್ಕದ ಕುರ್ಚಿಯಲ್ಲಿ ಕೂತೆ. ಹಾಲು ಹೆಚ್ಚಿದ್ದ ದೊಡ್ಡ ಕಪ್ಪು ಬಂತು. ಮುಟ್ಟುವ ಧೈರ್ಯವಾಗಲಿಲ್ಲ. ಆದರೆ ಅದರ ಮುಂದೆ ಕೂತಿದ್ದಂತೆ ಎದೆ ತಾನಾಗಿಯೇ ಹದಕ್ಕೆ ಬಂತು.

ಮರುದಿನವೂ ಹೋದೆ. ಅದರ ಮರುದಿನವೂ. ಗಂಡ ಹೊರಟ ಮೇಲೆ ಕೆಲಸದವಳು ಇರುವ ತನಕ ಮನೆಯಲ್ಲಿ, ಅವಳು ಚಪ್ಪಲಿ ಮೆಟ್ಟಿದರೆ ನಾನೂ ಮೆಟ್ಟುತ್ತಿದ್ದೆ.

ಈ ಕಾಫಿ ಶಾಪುಗಳಿಗೆ ಮಂದಿ ಯಾಕೆ ಮುಗಿಬೀಳುತ್ತಾರೆಂದು ನನಗೆ ಆಗ ಅರ್ಥವಾಯಿತು. ಯಾರ ಮನೆಗಾದರೂ ಹೋದರೆ ಬಂದ ಕಾರಣ ಹೇಳಬೇಕು, ಮಾತಾಡಬೇಕು. ದೇವಸ್ಥಾನದಲ್ಲಿ ಎಷ್ಟು ಹೊತ್ತು ಕೂರಲಾದೀತು? ಪಾರ್ಕಿನಲ್ಲಿ ಈ ಊರಿನ ಸೆಕೆಗೆ ಹಗಲು ಕಾಗೆಯೂ ಇಳಿಯುವುದಿಲ್ಲ. ಇಲ್ಲಿ ಒಂದು ಕಪ್ಪು ತಗೊಂಡರೆ ಕುರ್ಚಿ ನಿಮ್ಮದು, ಯಾಕೆ ಬಂದಿರಿ ಅಂತ ಯಾರೂ ಕೇಳರು. ಒಬ್ಬಳೇ ಇರಬಹುದು, ಆದರೆ ಒಂಟಿಯಾಗಿ ಅಲ್ಲ. ನನ್ನ ಮಟ್ಟಿಗಂತೂ ಅದಕ್ಕಿಂತ ಸಣ್ಣ ಲೆಕ್ಕ: ಇಲ್ಲಿ ಬಿದ್ದರೆ ಯಾರಾದರೂ ನೋಡುತ್ತಾರೆ.

ಅಲ್ಲಿ ಕಪ್ಪಿನ ಮೇಲೆ ಗಿರಾಕಿಯ ಹೆಸರು ಬರೆಯುತ್ತಿದ್ದರು. ಮೊದಲ ದಿನ ಏನೋ ಸಂಕೋಚಕ್ಕೆ ಅತ್ತೆಯ ಹೆಸರು ಹೇಳಿಬಿಟ್ಟಿದ್ದೆ. ಅದೇ ನಡೆದುಕೊಂಡು ಬಂದಿತ್ತು. ಒಂದು ಬೆಳಿಗ್ಗೆ ಥಟ್ಟನೆ ಹೊಳೆಯಿತು: ನಾನಿಲ್ಲಿ ಎಚ್ಚರ ತಪ್ಪಿ ಬಿದ್ದರೆ ಇವರು ಆ ಹೆಸರಲ್ಲಿ ಕೂಗುತ್ತಾರೆ, ಆಸ್ಪತ್ರೆಯಲ್ಲೂ ಅದನ್ನೇ ಬರೆಸುತ್ತಾರೆ. ಗಂಡ ಬಂದು ಹುಡುಕಿದರೆ ನಾನು ಸಿಗುವುದೇ ಇಲ್ಲ! ಬೆವರು ಬಂತು. ಎದ್ದು ಹೋಗಿ ಕೌಂಟರಿನ ಹುಡುಗಿಗೆ ನನ್ನ ನಿಜವಾದ ಹೆಸರು ಹೇಳಿ, ತಿದ್ದಿಸಿಕೊಂಡು ಬಂದೆ. ಅವಳು ಮುಖ ಮುಖ ನೋಡಿದಳು. ಈಗ ನೆನೆದರೆ ನಗು ಬರುತ್ತದೆ, ಆವತ್ತು ಬರಲಿಲ್ಲ.

ಪಕ್ಕದ ಮೇಜಿಗೆ ಆಗಾಗ ಒಬ್ಬ ಬಂಗಾಳಿ ಹೆಂಗಸು ಬರುತ್ತಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಎರಡು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಕಾಲ ಬಳಿ ಇಟ್ಟುಕೊಂಡು, ಐಸು ಹಾಕಿದ ಕಾಫಿಯನ್ನು ಕೊಳವೆಯಲ್ಲಿ ಹೀರುತ್ತ ಫೋನಿನಲ್ಲಿ ಜೋರಾಗಿ ಜಗಳವಾಡುತ್ತಿದ್ದಳು. ಹತ್ತಿರದ ಸ್ಟುಡಿಯೋದಲ್ಲಿ ಧಾರಾವಾಹಿಯವರಿಗೆ ಬಣ್ಣ ಹಚ್ಚುವವಳೆಂದು ಆ ಜಗಳಗಳಿಂದಲೇ ನನಗೆ ತಿಳಿದಿತ್ತು. ಅವಳ ಗದ್ದಲ ನನಗೆ ಸೇರುತ್ತಿರಲಿಲ್ಲ. ಬಂದಳಪ್ಪ ಅಂದುಕೊಂಡು ಬೇರೆ ಕಡೆ ತಿರುಗಿ ಕೂರುತ್ತಿದ್ದೆ.

ದುರ್ಗಾಪೂಜೆ ಹತ್ತಿರ ಬಂತು. ಶಾಪಿನ ಮುಂದೆಯೇ ಪೆಂಡಾಲಿನ ಬಿದಿರು ಎದ್ದು, ಗಾಜಿಗೆ ಬಟ್ಟೆ ಅಡ್ಡವಾಗಿ, ಒಳಗೆ ಹಗಲಲ್ಲೇ ದೀಪ ಹಾಕುವಂತಾಯಿತು. ಗಂಡ ಮತ್ತೆ ಹಡಗಿನ ಜೊತೆ ಸಮುದ್ರಕ್ಕೆ ಹೋಗಿದ್ದರು. ಆ ದಿನ ನನ್ನ ಮಾಮೂಲಿ ಕುರ್ಚಿಯಲ್ಲಿ ಕೂತಿದ್ದೆ. ಹೊರಗೆ ಬಿದಿರಿಗೆ ಮೊಳೆ ಹೊಡೆಯುವ ಸದ್ದು. ಆ ಸದ್ದಿನ ಲಯಕ್ಕೆ ನನ್ನ ಎದೆ ಸೇರಿಕೊಂಡಿತೋ ಏನೋ, ಮತ್ತೆ ಅದೇ ಮಗುಚುವಿಕೆ, ಅದೇ ಓಟ. ಈ ಸಲ ಕಾಫಿಯ ಹನಿಯೂ ಬಾಯಿಗೆ ಹೋಗಿರಲಿಲ್ಲ.

ಹೆದರಬೇಡ, ಇಲ್ಲಿ ಮಂದಿ ಇದ್ದಾರೆ ಅಂತ ನನಗೇ ಹೇಳಿಕೊಂಡು ತಲೆ ಎತ್ತಿದೆ. ಎದುರಿನ ಹುಡುಗ ಲ್ಯಾಪ್‌ಟಾಪು ನೋಡುತ್ತಿದ್ದ. ಅವನಾಚೆಗಿನ ಇಬ್ಬರು ಒಂದೇ ಫೋನಿಗೆ ಬಗ್ಗಿದ್ದರು. ಇನ್ನೊಬ್ಬರ ಕಿವಿಯಲ್ಲಿ ಹಾಡು ಕೇಳುವ ಬಿಳಿ ಬಿರಡೆ. ಕೌಂಟರಿನ ಹುಡುಗಿ ಬೆನ್ನು ತಿರುಗಿಸಿ ಹಾಲು ಕಾಯಿಸುತ್ತಿದ್ದಳು. ನನ್ನ ಕೈ ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ನಡುಗುತ್ತಿತ್ತು, ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು, ಆದರೂ ಯಾರೂ ನೋಡಲಿಲ್ಲ. ಕೂತಲ್ಲೇ ಸತ್ತರೂ ಕಾಫಿ ಆರಿಸುತ್ತ ಕೂತ ಹೆಂಗಸು ಅಂತಲೇ ತಿಳಿಯುತ್ತಾರೆ. ಇಷ್ಟು ದಿನ ನಾನು ಯಾವುದನ್ನು ನಂಬಿಕೊಂಡು ಬಂದಿದ್ದೆನೋ ಅದು ಸುಳ್ಳಾಗಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ. ಮನೆಯಲ್ಲಿ ಹೆದರಿದಾಗ ಹೊರಗೆ ಜಗತ್ತು ಇದೆ ಎಂಬ ಆಸೆಯಾದರೂ ಇತ್ತು. ಈಗ ಆ ಜಗತ್ತಿನ ನಡುವೆಯೇ ಕೂತಿದ್ದೆ.

ಪಕ್ಕದ ಮೇಜಿನತ್ತ ಕೈ ಚಾಚಿದೆ. ಅದು ಹೋಗಿ ಆ ಬಣ್ಣದ ಪೆಟ್ಟಿಗೆಯವಳ ತೋಳಿನ ಮೇಲೆ ಬಿತ್ತು. ಅವಳು ಫೋನಿನಲ್ಲಿದ್ದಳು, ಬೆಚ್ಚಿ ತಿರುಗಿದಳು. ಹಿಂದಿಯಲ್ಲಿ ಹೇಳಬೇಕೆಂದುಕೊಂಡೆ. ಬಾಯಿಗೆ ಬಂದದ್ದು ಓಣಿಯ ಮಾತು.

"ನಂಗ ಅಂಜಿಕಿ ಆಗೇದ್ರಿ. ನನ್ನ ಸಂಗಾಟ ಕೂಡ್ರಿ."

"ಕೀ? ಕೀ ಹೊಲೋ?" ಏನಾಯಿತು ಎಂದು ಅವಳು ಕೂಗಿದ ಕೂಗಿಗೆ ಇಡೀ ಅಂಗಡಿ ತಿರುಗಿತು. ಈಗ ಎಲ್ಲರೂ ನೋಡುತ್ತಿದ್ದರು. ಅದರಿಂದ ನನ್ನ ಎದೆ ಇನ್ನೂ ಜೋರಾಗಿ ಹೊಡೆದುಕೊಂಡಿತು. ಅವಳಿಗೂ ಏನು ಮಾಡಬೇಕೋ ಗೊತ್ತಿರಲಿಲ್ಲ. ಪೆಟ್ಟಿಗೆ ತೆರೆದು, ಬಣ್ಣ ಹಚ್ಚುವ ಸ್ಪಂಜು ತೆಗೆದು, ತನ್ನ ಲೋಟದ ಐಸಿನಲ್ಲಿ ಅದ್ದಿ ನನ್ನ ಕುತ್ತಿಗೆಗೆ ಒತ್ತಿದಳು. ಕಾಫಿ ಬಣ್ಣದ ನೀರು ರವಿಕೆಯೊಳಗೆ ಇಳಿಯಿತು. ಹರಕು ಹಿಂದಿಯಲ್ಲಿ, "ದಿದಿ, ನೀವು ಸಾಯಬೇಡಿ. ನಂಗೆ ತುಂಬ ಹೆದರಿಕೆಯಾಗುತ್ತೆ. ದಯವಿಟ್ಟು ಇಲ್ಲಿ ಸಾಯಬೇಡಿ," ಅಂದಳು.

ಅದು ಸಮಾಧಾನದ ಮಾತಲ್ಲ. ಆದರೆ ಅದನ್ನು ಕೇಳಿ ನನಗೆ ನಗು ಬಂತು, ನಗಲು ಹೋಗಿ ಅಳು ಬಂತು. ಅವಳು ನನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕೌಂಟರಿನ ಹುಡುಗಿ ನೀರು ತಂದಳು. ಓಟ ನಿಧಾನಕ್ಕೆ ಕುಂಟಿತು, ನಿಂತಿತು.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಸ್ಟುಡಿಯೋದಲ್ಲಿ ಧಾರಾವಾಹಿಯ ಅತ್ತೆ ಅರ್ಧ ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು ಕಾಯುತ್ತಿದ್ದಳಂತೆ. "ನೀವು ಒಬ್ಬರೇ ಮನೆಗೆ ಹೋಗುತ್ತೀರಾ?" ಅಂತ ಕೇಳಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. "ಹಾಗಾದರೆ ನಡೀರಿ," ಅಂದವಳು ನನ್ನನ್ನು ಆಟೋಕ್ಕೆ ತುಂಬಿಕೊಂಡು ಕರೆದೊಯ್ದಳು. ತಡವಾದದ್ದಕ್ಕೆ ಅಲ್ಲಿ ಒಬ್ಬ ಅವಳಿಗೆ ಎಲ್ಲರೆದುರು ಬೈದ. ಅವಳೂ ಸರಿಯಾಗಿ ಬೈದಳು. ಸಂಜೆಯವರೆಗೆ ನಾನು ಆ ಬಣ್ಣದ ಕೋಣೆಯ ಮೂಲೆಯಲ್ಲಿ, ಮೊಳೆಗೆ ನೇತುಹಾಕಿದ ಜಡೆಗಳ ಕೆಳಗೆ ಕೂತಿದ್ದೆ. ಬಲ್ಬು ಸುತ್ತುವರಿದ ಕನ್ನಡಿಯಲ್ಲಿ ನನ್ನ ಮುಖ ಬೂದಿ ಬಳಿದಂತಿತ್ತು. ಒಂದು ಬಿಡುವಿನಲ್ಲಿ ಅವಳು ಬಂದು ಹತ್ತಿಯಲ್ಲಿ ನನ್ನ ಕಣ್ಣ ಸುತ್ತ ಒರೆಸಿ ಹೋದಳು. ಕೆಲಸ ಮುಗಿದ ಮೇಲೆ ತನ್ನ ನಂಬರು ಕೊಟ್ಟು, ನನ್ನನ್ನು ಮನೆಯವರೆಗೆ ಬಿಟ್ಟಳು.

ಗಂಡನ ಫೋನು ಬಂದದ್ದು ಎರಡು ದಿನ ಬಿಟ್ಟು. "ದಡ ಕಾಣ್ತಿದೆ ಕಣೇ, ಸಿಗ್ನಲ್ ಬಂತು," ಅಂತ ಉತ್ಸಾಹದಲ್ಲಿ ಶುರುಮಾಡಿದರು. ನಾನು ತಡೆದು ಎಲ್ಲವನ್ನೂ ಹೇಳಿದೆ. ಚಿಲಕ, ಅಂಬೆಗಾಲು, ಅತ್ತೆಯ ಹೆಸರು, ಸ್ಪಂಜು. ಆ ಕಡೆ ಗಾಳಿಯ ಸದ್ದು ಜೋರಾಯಿತು.

"ಇದ್ದೀರೇನು?"

"ಇದೀನಿ. ನಂಗೆ ಹೇಳ್ಬಾರ್ದಿತ್ತಾ ಮುಂಚೇನೇ?"

"ಹೇಳಿದ್ರ ನೀವು ಸಮುದ್ರಕ್ಕ ಹೋಗ್ತಿದ್ದಿಲ್ಲ."

"ಹೋಗ್ತಿರ್ಲಿಲ್ಲ," ಅಂದರು. "ಈಗ ನಂಗೂ ಭಯ ಆಗ್ತಿದೆ. ನಾನು ಏನ್ ಮಾಡ್ಬೇಕು ಹೇಳು."

ಬಂದವರು ಮಾಡಿದ ಮೊದಲ ಕೆಲಸ ಫಿಲ್ಟರನ್ನು ತೊಳೆದು, ಒರೆಸಿ, ಅಟ್ಟದ ಮೇಲೆ ಇಟ್ಟದ್ದು. ನನ್ನ ಜೊತೆಗೆ ತಾವೂ ಬಿಡುತ್ತೇನೆಂದರು. "ನೀವ್ಯಾಕ ಬಿಡ್ತೀರಿ? ನಿಮ್ಮ ಎದಿ ನೆಟ್ಟಗ ಅದಲ್ಲ," ಅಂತ ನಾನು ರೇಗಿದರೂ ಕೇಳಲಿಲ್ಲ. ಸಂಜೆ ಮನೆಗೆ ಬಂದಾಗ ಮಾತ್ರ ಅವರ ಅಂಗಿಯಿಂದ ಕಚೇರಿಯ ಕ್ಯಾಂಟೀನಿನ ಕಾಫಿ ವಾಸನೆ ಬರುತ್ತಿತ್ತು. ನಾನು ಆ ಅಂಗಿಯನ್ನು ಒಗೆಯಲು ನೆನೆಹಾಕುತ್ತಿದ್ದೆ.

ಆ ಚಿಕ್ಕ ಡಾಕ್ಟರು ಹೇಳಿದ್ದ ಇನ್ನೊಬ್ಬ ಡಾಕ್ಟರ ಹತ್ತಿರ ಈಗ ನಾವಿಬ್ಬರೂ ಹೋದೆವು. ಮಾತ್ರೆ ಕೊಟ್ಟರು, ಉಸಿರಾಟ ಹೇಳಿಕೊಟ್ಟರು. ಒಂದೇ ಸಲಕ್ಕೆ ಏನೂ ಗುಣವಾಗಲಿಲ್ಲ. ಪೂಜೆ ಕಳೆದು ಚಳಿ ಬಂದು ಹೋಯಿತು. ಅಂಜಿಕೆ ಬರುವುದು ಅಪರೂಪವಾಯಿತು, ಬಂದರೂ ಬೇಗ ಹೋಗುತ್ತಿತ್ತು. ಡಾಕ್ಟರು ಸ್ವಲ್ಪ ಕಾಫಿ ಕುಡಿದು ನೋಡಬಹುದೆಂದರು. ಅದನ್ನು ಮನೆಯಲ್ಲಿ ಕುಡಿಯುವ ಧೈರ್ಯ ನನಗಾಗಲಿಲ್ಲ. ಕಾಫಿ ಶಾಪಿನಲ್ಲಿ ಬಣ್ಣದವಳನ್ನು ಎದುರಿಗೆ ಕೂರಿಸಿಕೊಂಡು, ಅತಿ ಚಿಕ್ಕ ಕಪ್ಪು ತರಿಸಿಕೊಂಡು, ಒಂದೊಂದು ಗುಟುಕಿಗೂ ನಾಡಿ ಹಿಡಿದು ನೋಡಿಕೊಂಡೆ. ಹುಳಿ ಮುಂದಾದ ಕಾಫಿ, ನನ್ನ ನಾಲಗೆಗೆ ಹಿಡಿಸುವಂಥದಲ್ಲ. ಅವಳು ಪರೀಕ್ಷೆಯ ಫಲಿತಾಂಶ ಕೇಳುವವಳಂತೆ, "ಏನಾಗುತ್ತಿದೆ? ಏನಾಗುತ್ತಿದೆ?" ಅನ್ನುತ್ತಿದ್ದಳು. ಏನೂ ಆಗಲಿಲ್ಲ. ಕಪ್ಪು ಮುಗಿಯಿತು.

ಬೇಸಿಗೆಯಲ್ಲಿ ಒಂದು ದಿನ ಅವಳ ಫೋನು. ದನಿಯಲ್ಲಿ ಗದ್ದಲವೇ ಇರಲಿಲ್ಲ.

"ದಿದಿ, ನ್ಯೂ ಟೌನಿನಲ್ಲಿ ಶೂಟಿಂಗ್ ಇದೆ. ದೊಡ್ಡ ಕಟ್ಟಡದ ತುತ್ತತುದಿಯ ಫ್ಲಾಟು. ನೀವು ಬರುತ್ತೀರಾ?"

"ನಾನು ಬಂದು ಏನು ಮಾಡಲಿ?"

"ನನಗೆ ಲಿಫ್ಟು ಆಗುವುದಿಲ್ಲ. ಬಾಗಿಲು ಮುಚ್ಚಿದರೆ ಉಸಿರು ನಿಲ್ಲುತ್ತದೆ. ಯಾರಿಗೂ ಹೇಳಿಲ್ಲ. ಸ್ಟುಡಿಯೋದಲ್ಲಿ ಲಿಫ್ಟು ಇಲ್ಲ, ಅದಕ್ಕೇ ಅಲ್ಲಿ ಕೆಲಸ ಹಿಡಿದದ್ದು."

ಹೋದೆ. ಅಮೃತಶಿಲೆಯ ನೆಲದ ಮೇಲೆ, ಲಿಫ್ಟಿನ ಮುಂದೆ, ಎರಡು ಪೆಟ್ಟಿಗೆಗಳ ನಡುವೆ ನಿಂತಿದ್ದಳು. ತುಟಿ ಒಣಗಿತ್ತು. ಬಾಗಿಲು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ನಿಜ ಹೇಳಬೇಕೆಂದರೆ ಆ ಕನ್ನಡಿಯ ಡಬ್ಬಿ ನೋಡಿ ನನಗೂ ಅಂಜಿಕೆ ಬಂತು. ಒಂದು ಪೆಟ್ಟಿಗೆ ನಾನು ಎತ್ತಿಕೊಂಡು ಒಳಗೆ ಹೋದೆ, ಅವಳು ಕಣ್ಣು ಮುಚ್ಚಿ ಹಿಂದೆ ಬಂದಳು. ಮೇಲೇರುವಷ್ಟು ಹೊತ್ತೂ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಬಂಗಾಳಿಯಲ್ಲಿ ದೇವಿಯನ್ನು ಕರೆದಳು. ನಾನು ಡಾಕ್ಟರು ಕಲಿಸಿದ ಉಸಿರನ್ನು ಜೋರಾಗಿ ಎಳೆದು ಬಿಡುತ್ತಿದ್ದೆ, ಅವಳಿಗಾಗಿ ಎಷ್ಟೋ ನನಗಾಗಿಯೂ ಅಷ್ಟೇ. ಕಿವಿ ಒಮ್ಮೆ ಗುಂಯ್ ಎಂದಿತು. ಬಾಗಿಲು ತೆರೆದಾಗ ಇಬ್ಬರೂ ಒಟ್ಟಿಗೇ ಹೊರಗೆ ಬೀಳುವಂತೆ ಬಂದೆವು.

ಸಂಜೆ ಕೆಲಸ ಮುಗಿಸಿ ಹೊರಬಂದವಳು ಲಿಫ್ಟಿನ ಬಾಗಿಲನ್ನು ಒಮ್ಮೆ ನೋಡಿ, "ಇಲ್ಲ ದಿದಿ, ಇನ್ನೊಮ್ಮೆ ಆಗುವುದಿಲ್ಲ," ಅಂದಳು. ಎಷ್ಟು ಹೇಳಿದರೂ ಒಪ್ಪಲಿಲ್ಲ. ಹಾಗಾಗಿ ಆ ಎತ್ತರದಿಂದ ಪೆಟ್ಟಿಗೆಗಳನ್ನು ಹೊತ್ತು ಮೆಟ್ಟಿಲು ಇಳಿದೆವು. ಮಹಡಿಗೊಂದು ಸಲ ಕೂತು, ಬೈದುಕೊಂಡು, ಮತ್ತೆ ಎದ್ದು. ಕೆಳಗೆ ಬಂದಾಗ ಕತ್ತಲಾಗಿತ್ತು. ಅಲ್ಲೇ ಮೂಲೆಯಲ್ಲಿ ಕಾಫಿ ಮಾರುವ ಪುಟ್ಟ ಗೂಡಿತ್ತು. ಅವಳು ಐಸಿನದ್ದು, ನಾನು ಬಿಸಿಯದು ತಗೊಂಡು ಅದರ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತೆವು.

"ನಾಳೆಯೂ ಶೂಟಿಂಗ್ ಇಲ್ಲೇ," ಅಂದಳು, ನನ್ನ ಮುಖ ನೋಡದೆ.

ನಾನು ಕಾಫಿ ಕೆಳಗಿಟ್ಟು ಮೊಣಕಾಲು ತಿಕ್ಕಿಕೊಂಡೆ. "ನಾಳೆ ಎಷ್ಟು ಗಂಟೆಗೆ?" ಅಂತ ಕೇಳಿದೆ.